ಎರಿ ನೆಲದಲ್ಲಿ ಅಶ್ವಶಕ್ತಿಯ ಲೆಕ್ಕ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ದೇವರ ಹಿಪ್ಪರಗಿ, ಸಿಂದಗಿ, ಇಂಡಿ ಕಡೆಯ ರಸ್ತೆಗಳಲ್ಲಿ ಎರಡು ಬಗೆಯ ವಾಹನಗಳು ಪದೇಪದೇ ಎದುರಾಗುತ್ತವೆ. ಒಂದು, ಉಳ್ಳಾಗಡ್ಡಿ ಚೀಲವನ್ನೋ ನಿಂಬೆಹಣ್ಣಿನ ಮೂಟೆಯನ್ನೋ ಹೇರಿಕೊಂಡು ಓಡುವ ಪಿಕಪ್. ಇನ್ನೊಂದು, ಹಿಂದೆ ಎರಡು ಟ್ರೇಲರ್ ಕಟ್ಟಿಕೊಂಡು ಸಕ್ಕರೆ ಕಾರ್ಖಾನೆಯ ದಾರಿ ಹಿಡಿದ ಟ್ರ್ಯಾಕ್ಟರ್. ಪಿಕಪ್ಪಿನ ಎಂಜಿನ್ನಿಗೆ 80 ಅಶ್ವಶಕ್ತಿ, ಅದು ಹೊರುವುದು ಹೆಚ್ಚೆಂದರೆ 2 ಟನ್. ಟ್ರ್ಯಾಕ್ಟರಿಗೆ 50ರ ಆಸುಪಾಸು, ಅದರ ಬೆನ್ನಿಗಿರುವುದು ಸುಮಾರು 20 ಟನ್. ಕುಡಿಯುವುದು ಎರಡೂ ಡೀಸೆಲ್ಲನ್ನೇ. ಆದರೂ ವಾಹನ ಕೊಳ್ಳಲು ಹೋದವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ ‘ಎಷ್ಟು ಎಚ್‌ಪಿ?’ ಎಂಬುದೇ. ಹೊರುವ, ಜಗ್ಗುವ ಕೆಲಸಕ್ಕೆ ಈ ಪ್ರಶ್ನೆ ಕಟ್ಟಕಡೆಗೆ ಬರಬೇಕು. ಗೇರು, ಗಾಲಿಯ ಮೇಲಿನ ತೂಕ, ಗಾಲಿಯ ಕೆಳಗಿನ ನೆಲ, ಬ್ರೇಕು ಇವು ನಾಲ್ಕೂ ಅದಕ್ಕಿಂತ ಮೊದಲು ಬರಬೇಕು ಎಂಬುದು ಈ ಲೇಖನದ ವಾದ.

ರಾವುತನೆಂದರೆ ಕುದುರೆ ಸವಾರ. ರಾವುತರಾಯ ಮಲ್ಲಯ್ಯ ದೇವರ ಊರಾದ ದೇವರ ಹಿಪ್ಪರಗಿಯಲ್ಲಿ ಕುದುರೆಯಿಂದಲೇ ಲೆಕ್ಕ ಆರಂಭಿಸುವುದು ಸೂಕ್ತ. ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರಗಳನ್ನು ಮಾರುವಾಗ, ಗಾಣಕ್ಕೆ ಕಟ್ಟಿದ ಕುದುರೆಗೆ ಅವನ್ನು ಹೋಲಿಸಿ ಹೇಳಿದ. 75 ಕಿಲೋ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತಿದರೆ ಅದು ಹೆಚ್ಚುಕಡಿಮೆ ಒಂದು ಅಶ್ವಶಕ್ತಿ. ಇದರೊಳಗೆ ಎರಡು ಸಂಗತಿ ಸೇರಿಕೊಂಡಿವೆ: ಎಷ್ಟು ಬಲ, ಎಷ್ಟು ವೇಗ. 75 ಕಿಲೋವನ್ನು ಸೆಕೆಂಡಿಗೆ ಒಂದು ಮೀಟರ್ ಎತ್ತುವ ಯಂತ್ರ 750 ಕಿಲೋವನ್ನೂ ಎತ್ತೀತು, ಸೆಕೆಂಡಿಗೆ ಹತ್ತು ಸೆಂಟಿಮೀಟರಿನಂತೆ. ವೇಗ ಬಿಟ್ಟುಕೊಟ್ಟು ಬಲ ಪಡೆಯುವ ಈ ಚೌಕಾಸಿಯನ್ನು ನಡೆಸಿಕೊಡುವುದು ಗೇರ್‌ಬಾಕ್ಸ್. 2100 ಸುತ್ತಿನಲ್ಲಿ ಓಡುವ ಟ್ರ್ಯಾಕ್ಟರ್ ಕೆಳಗಿನ ಗೇರಿನಲ್ಲಿ ಗಂಟೆಗೆ 3 ಕಿಲೋಮೀಟರ್ ಸಾಗುತ್ತದೆ ಎನ್ನೋಣ. ಅಂದರೆ ನಿಮಿಷಕ್ಕೆ 50 ಮೀಟರ್. ಹಿಂದಿನ ದೊಡ್ಡ ಗಾಲಿಯ ಸುತ್ತಳತೆ ನಾಲ್ಕು ಮೀಟರಿನಷ್ಟಿರುವುದರಿಂದ ಅದು ನಿಮಿಷಕ್ಕೆ ಹನ್ನೆರಡು ಸುತ್ತು ಹಾಕುತ್ತದೆ. ಎಂಜಿನ್ 175 ಸುತ್ತಿದರೆ ಗಾಲಿ ಒಂದು ಸುತ್ತು. ಪಿಕಪ್ಪಿನ ಮೊದಲ ಗೇರಿನಲ್ಲಿ ಈ ಲೆಕ್ಕ ಇಪ್ಪತ್ತಕ್ಕೆ ಒಂದರ ಆಸುಪಾಸಿನಲ್ಲಿ ನಿಲ್ಲುತ್ತದೆ. ಎರಡರ ಎಂಜಿನ್ನುಗಳ ಟಾರ್ಕ್, ಅಂದರೆ ತಿರುಗಿಸುವ ಬಲ, ಸರಿಸುಮಾರು ಒಂದೇ. ಗಾಲಿಗೆ ತಲುಪುವ ಹೊತ್ತಿಗೆ ಟ್ರ್ಯಾಕ್ಟರಿನಲ್ಲಿ ಅದು ಪಿಕಪ್ಪಿನದರ ಎಂಟೊಂಬತ್ತು ಪಟ್ಟು ಹಿಗ್ಗಿರುತ್ತದೆ.

ಹಾಗಾದರೆ ಗೇರನ್ನು ಇನ್ನಷ್ಟು ತಗ್ಗಿಸುತ್ತ ಹೋದರೆ ಏನನ್ನಾದರೂ ಎಳೆಯಬಹುದಲ್ಲವೇ? ಕಾಗದದ ಮೇಲೆ ಹೌದು. 50 ಅಶ್ವಶಕ್ತಿಯ ಎಂಜಿನ್, ಗೇರಿನ ಸವಕಳಿ ಕಳೆದರೂ, 3 ಕಿಲೋಮೀಟರ್ ವೇಗದಲ್ಲಿ ಮೂರೂವರೆ ಟನ್ನಿಗೂ ಮೀರಿದ ಎಳೆತ ಕೊಡಬಲ್ಲದು. ಆದರೆ ಟ್ರ್ಯಾಕ್ಟರಿನ ತೂಕವೇ ಎರಡು ಟನ್ನಿನ ಹತ್ತಿರ, ಅದರಲ್ಲಿ ಹಿಂದಿನ ಗಾಲಿಗಳ ಮೇಲೆ ಬೀಳುವುದು ಮೂರರಲ್ಲಿ ಎರಡು ಪಾಲು. ಒಳ್ಳೆಯ ಡಾಂಬರಿನ ಮೇಲೆ ಈ ಗಾಲಿಗಳಿಗೆ ಸಿಗುವ ಹಿಡಿತ ಸುಮಾರು ಒಂದು ಟನ್, ಉತ್ತ ಹೊಲದಲ್ಲಿ ಅದಕ್ಕೂ ಕಡಿಮೆ. ಅದಕ್ಕಿಂತ ಹೆಚ್ಚು ಬಲ ಹಾಕಿದರೆ ಗಾಲಿ ನಿಂತಲ್ಲೇ ತಿರುಗಿ ನೆಲ ತೋಡುತ್ತದೆ. ಎಂಜಿನ್ನಿಗೆ ಇನ್ನೂ ಎರಡೂವರೆ ಟನ್ ಎಳೆಯುವ ತ್ರಾಣ ಉಳಿದಿರುವಾಗಲೇ ನೆಲ ಕೈಬಿಟ್ಟಿರುತ್ತದೆ. ಈ ಟ್ರ್ಯಾಕ್ಟರಿಗೆ 50ರ ಬದಲು 70 ಅಶ್ವಶಕ್ತಿಯ ಎಂಜಿನ್ ಕೂರಿಸಿದರೂ ಆ ಗೇರಿನಲ್ಲಿ ಅದು ಒಂದು ಕಿಲೋ ಹೆಚ್ಚಿಗೆ ಎಳೆಯದು.

ಈ ಸೀಮೆಯ ಇತಿಹಾಸದ ಒಂದು ದೊಡ್ಡ ಎಳೆತವೇ ಇದಕ್ಕೆ ಸಾಕ್ಷಿ. ವಿಜಯಪುರದ ಕೋಟೆಯ ಮೇಲಿರುವ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಅಹಮದ್‌ನಗರದಲ್ಲಿ ಎರಕವಾಯಿತು. ತೂಕ ಸುಮಾರು 55 ಟನ್. ಹದಿನೇಳನೆಯ ಶತಮಾನದಲ್ಲಿ ಪರಾಂಡಾ ಕೋಟೆಯಿಂದ ಅದನ್ನು ಇಲ್ಲಿಗೆ ತರಲು 400 ಎತ್ತು, 10 ಆನೆ, ನೂರಾರು ಆಳುಗಳು ಬೇಕಾದವು ಎಂಬ ಮಾತು ನಡೆದು ಬಂದಿದೆ. ಲೆಕ್ಕ ಹಾಕಿದರೆ ಆ ಮಾತು ನಂಬುವ ಹಾಗಿದೆ. ಎರಿ ನೆಲದ ಮೇಲೆ ಗಾಲಿಯ ಬಂಡಿಯನ್ನು ಎಳೆಯಲು ತೂಕದ ಐದರಲ್ಲಿ ಒಂದು ಪಾಲು ಬಲ ಬೇಕೆಂದರೆ 55 ಟನ್ನಿಗೆ 11 ಟನ್. 400 ಕಿಲೋ ತೂಗುವ ಎತ್ತು ದಿನವಿಡೀ ಸಮನಾಗಿ ಎಳೆಯುವುದು ತನ್ನ ತೂಕದ ಹತ್ತನೆಯ ಒಂದು ಪಾಲು, ಅಂದರೆ 40 ಕಿಲೋ. 400 ಎತ್ತಿಗೆ 16 ಟನ್. ಅಷ್ಟು ಜೋಡಿ ಏಕಕಾಲಕ್ಕೆ ಸಮನಾಗಿ ಎಳೆಯುವುದು ಕಷ್ಟ, ಮೂರರಲ್ಲೊಂದು ಪಾಲು ಪೋಲಾಯಿತೆಂದರೂ ಹತ್ತೂವರೆ ಟನ್ ಉಳಿಯುತ್ತದೆ. ಕೊರತೆ ಬಿದ್ದದ್ದನ್ನು ಆನೆಗಳು ತುಂಬಿರಬೇಕು. ಇನ್ನು ಅಶ್ವಶಕ್ತಿ ನೋಡಿ: ದುಡಿಯುವ ಎತ್ತಿನ ಶಕ್ತಿ ಅರ್ಧ ಅಶ್ವಶಕ್ತಿಗೂ ತುಸು ಕಡಿಮೆ, 400 ಎತ್ತು ಸೇರಿದರೆ 170ರ ಸುಮಾರು. ಅಮೆರಿಕದ ದೊಡ್ಡ ಪಿಕಪ್ ಫೋರ್ಡ್ ಎಫ್-150ರ ಒಂದು ಮಾದರಿಯಲ್ಲಿ 400 ಅಶ್ವಶಕ್ತಿಯ ಎಂಜಿನ್ ಇದೆ, ಎತ್ತುಗಳ ಎರಡು ಪಟ್ಟಿಗೂ ಮೇಲೆ. ಎರಿ ಹೊಲದಲ್ಲಿ ಅದನ್ನು ಆ ತೋಪಿಗೆ ಕಟ್ಟಿದರೆ ತೋಪು ಅಲುಗುವುದಿಲ್ಲ. ಆ ಗಾಡಿಯ ತೂಕ ಎರಡೂವರೆ ಟನ್ನಿನ ಒಳಗೆ, ನಾಲ್ಕೂ ಗಾಲಿ ದುಡಿದರೂ ಸಿಗುವ ಹಿಡಿತ ಒಂದು ಟನ್ನಿಗೆ ತುಸು ಹೆಚ್ಚು. ಎತ್ತುಗಳದ್ದೋ 160 ಟನ್ ತೂಕ, 1600 ಕಾಲು. ಜಾತ್ರೆಯಲ್ಲಿ ಕಲ್ಲು ಜಗ್ಗುವ ಸ್ಪರ್ಧೆಗೆ ಎತ್ತು ಆರಿಸುವವರು ಮೈತೂಕ, ಕಾಲೂರುವ ರೀತಿ ನೋಡುವುದರ ಹಿಂದೆ ಇದೇ ವಿಜ್ಞಾನವಿದೆ.

ಎರಿ ಮಣ್ಣಿನ ಗುಣವನ್ನು ಹತ್ತಿರದಿಂದ ನೋಡಬೇಕು. ಅದರಲ್ಲಿರುವ ಜೇಡಿಯ ಕಣಗಳು ಹಾಳೆಗಳ ಹಾಗೆ ಪದರ ಪದರವಾಗಿರುತ್ತವೆ, ನೀರು ಸಿಕ್ಕರೆ ಪದರಗಳ ನಡುವೆ ಹೀರಿಕೊಂಡು ಉಬ್ಬುತ್ತವೆ. ಬೇಸಿಗೆಯಲ್ಲಿ ಕೈ ಹೊಗುವಷ್ಟು ಬಿರುಕು ಬಿಡುವ ಅದೇ ಹೊಲ ಒಂದು ಹದ ಮಳೆ ಬಿದ್ದರೆ ಅಂಟಾಗುತ್ತದೆ. ಪಿಕಪ್ಪಿನ ಟಯರಿನ ಗೀರುಗಳು ಕಿರುಬೆರಳಿನ ಅಗಲದವು. ಎರಡು ಸುತ್ತಿಗೇ ಅವು ಮಣ್ಣು ತುಂಬಿಕೊಂಡು, ಟಯರಿನ ಮೈ ಗಾರೆ ಮೆತ್ತಿದ ಹಾಗೆ ನುಣ್ಣಗಾಗುತ್ತದೆ. ಆಮೇಲೆ ಮಣ್ಣಿನ ಮೇಲೆ ಮಣ್ಣೇ ಜಾರುತ್ತದೆ. ಖಾಲಿ ಪಿಕಪ್ ಇನ್ನೂ ಬೇಗ ಸಿಕ್ಕಿಬೀಳುತ್ತದೆ, ಎಂಜಿನ್ ಮುಂದಿದ್ದು ದುಡಿಯುವ ಗಾಲಿ ಹಿಂದಿರುವುದರಿಂದ. ಟ್ರ್ಯಾಕ್ಟರಿನ ಹಿಂದಿನ ಟಯರಿನಲ್ಲಿ ಬಾಣದ ತುದಿಯ ಹಾಗೆ ಓರೆಯಾಗಿ ಎದ್ದ ದಪ್ಪ ಪಟ್ಟಿಗಳಿರುತ್ತವೆ, ನಡುವೆ ಅಂಗೈ ಹಿಡಿಸುವಷ್ಟು ತೆರಪು. ಪಟ್ಟಿ ಮಣ್ಣಿನೊಳಗೆ ಊರಿ ಒತ್ತುತ್ತದೆ, ಗಾಲಿ ಮೇಲೇರುವಾಗ ತೆರಪಿನ ಮಣ್ಣು ಬದಿಗೆ ಸರಿದು ಉದುರುತ್ತದೆ. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ 1926ರಲ್ಲಿ ಪೇಟೆಂಟ್ ಪಡೆದ ಜೋಡಣೆ ಇದಕ್ಕಿಂತ ಮುಂದಿನ ಹೆಜ್ಜೆ. ಅದರಿಂದ ಬೆಳೆದು ಬಂದದ್ದು ನಮ್ಮ ಟ್ರ್ಯಾಕ್ಟರುಗಳ ಹಿಂದಿರುವ ಮೂರು ತೋಳಿನ ಹೈಡ್ರಾಲಿಕ್. ನೇಗಿಲು ಗಟ್ಟಿ ಮಣ್ಣಿಗೆ ಸಿಕ್ಕಿದಾಗ ಅದು ನೇಗಿಲನ್ನು ತುಸು ಎತ್ತುತ್ತದೆ, ನೇಗಿಲಿನ ಭಾರವನ್ನೂ ಮಣ್ಣಿನ ಎಳೆತವನ್ನೂ ಹಿಂದಿನ ಗಾಲಿಯ ಮೇಲೆ ಹೊರಿಸುತ್ತದೆ. ಹಗುರ ಟ್ರ್ಯಾಕ್ಟರ್ ಕೆಲಸದ ಹೊತ್ತಿಗೆ ಭಾರವಾಗುತ್ತದೆ. ಹೊಲದ ಯಂತ್ರಗಳ ಚರಿತ್ರೆಯಲ್ಲಿ ಇಷ್ಟು ಸರಳವಾಗಿ ಇಷ್ಟು ದೊಡ್ಡ ಕೆಲಸ ಮಾಡಿದ ಉಪಾಯ ಬಹಳ ಇಲ್ಲ.

ಪಿಕಪ್‌ಗಳ ಪೈಪೋಟಿಯನ್ನು ಈಗ ಇದೇ ಅಳತೆಗೋಲಿನಿಂದ ನೋಡಬಹುದು. 2022ರಲ್ಲಿ ಬಂದ ಟಾಟಾ ಯೋಧಾ 2.0ಕ್ಕೆ 100 ಅಶ್ವಶಕ್ತಿ, 250 ನ್ಯೂಟನ್ ಮೀಟರ್ ಟಾರ್ಕ್. ಮರುವರ್ಷ ಬಂದ ಮಹೀಂದ್ರಾ ಬೊಲೆರೊ ಮ್ಯಾಕ್ಸ್ ಪಿಕಪ್ಪಿನ ದೊಡ್ಡ ಮಾದರಿಗೆ 80 ಅಶ್ವಶಕ್ತಿ, 220 ನ್ಯೂಟನ್ ಮೀಟರ್. ಎರಡಕ್ಕೂ ಕಂಪನಿ ಹೇಳುವ ಹೊರೆ ಒಂದೇ, 2 ಟನ್. ಹೊರೆಯನ್ನು ತೀರ್ಮಾನಿಸುವುದು ಅಚ್ಚು, ಪಟ್ಟಾ ಸ್ಪ್ರಿಂಗು, ಚಾಸಿ, ಟಯರು. ಅವನ್ನು ಬಗ್ಗಿ ನೋಡಬೇಕೇ ಹೊರತು ಎಂಜಿನ್ನಿನ ಅಂಕಿಯನ್ನಲ್ಲ. ಅಂದಚೆಂದವೆಂದು ನಾವು ಬದಿಗಿಡುವುದರಲ್ಲೂ ಯಂತ್ರಶಾಸ್ತ್ರವಿದೆ. ಬೊಲೆರೊ, ಯೋಧಾಗಳಿಗೆ ಮುಂದೆ ಚಾಚಿದ ಬಾನೆಟ್ ಇದೆ. ಎಂಜಿನ್ ಚಾಲಕನ ಮುಂದಿರುತ್ತದೆ, ಡಿಕ್ಕಿಯಾದರೆ ಮೊದಲು ನುಗ್ಗಾಗುವುದು ಬಾನೆಟ್. ಅಶೋಕ್ ಲೇಲ್ಯಾಂಡಿನ ಬಡಾ ದೋಸ್ತ್‌ನಲ್ಲಿ ಚಾಲಕ ಮುಂದಿನ ಗಾಲಿಯ ಮೇಲೆಯೇ ಕೂರುತ್ತಾನೆ. ಅಷ್ಟೇ ಉದ್ದದ ಗಾಡಿಯಲ್ಲಿ ಸರಕಿಗೆ ಹೆಚ್ಚು ಜಾಗ ಸಿಗುತ್ತದೆ, ಸಂತೆಯ ಇಕ್ಕಟ್ಟಿನಲ್ಲಿ ಮೂತಿ ತಿರುಗಿಸುವುದೂ ಸುಲಭ. ಟೊಮೆಟೊ, ಉಳ್ಳಾಗಡ್ಡಿಯಂತಹ ಜಾಗ ತಿನ್ನುವ ಮಾಲಿಗೆ ಉದ್ದನೆಯ ಡಬ್ಬ ಬೇಕು. ಸಿಮೆಂಟಿಗೆ, ಕಬ್ಬಿಣಕ್ಕೆ ಅದು ಬೇಕಿಲ್ಲ.

ಅಶ್ವಶಕ್ತಿ ಲೆಕ್ಕಕ್ಕೇ ಇಲ್ಲವೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಲೆಕ್ಕಕ್ಕಿದೆ, ವೇಗದ ಜೊತೆಗೆ. ಹೊರೆ ಸೇರಿ ಮೂರೂವರೆ ಟನ್ ತೂಗುವ ಪಿಕಪ್ ಇಪ್ಪತ್ತಕ್ಕೆ ಒಂದರ ಏರನ್ನು 60 ಕಿಲೋಮೀಟರ್ ವೇಗದಲ್ಲಿ ಹತ್ತಬೇಕೆಂದರೆ ಗಾಳಿಯ ತಡೆಯೂ ಸೇರಿ ಗಾಲಿಯಲ್ಲಿ 60ರ ಸಮೀಪ ಅಶ್ವಶಕ್ತಿ ಬೇಕು. ಘಟ್ಟ ಇಳಿದು ಹತ್ತಿ ಮಂಗಳೂರಿಗೆ ಮಾಲು ಒಯ್ಯುವವರಿಗೆ 80ಕ್ಕೂ 100ಕ್ಕೂ ವ್ಯತ್ಯಾಸ ದಿನವೂ ಕಾಣುತ್ತದೆ. ಆದರೆ ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿಗಳ ಬಯಲಿನಲ್ಲಿ ಓಡಾಡುವ ಗಾಡಿಗೆ ಆ 20 ಅಶ್ವಶಕ್ತಿ ಬಹುಪಾಲು ಮಲಗಿಯೇ ಇರುತ್ತದೆ.

ಇನ್ನೊಂದು ಆಕ್ಷೇಪವೂ ಬರಬಹುದು: ಅಮೆರಿಕದ ಫೋರ್ಡ್ ಎಫ್-150, ಷೆವ್ರೊಲೆ ಸಿಲ್ವೆರಾಡೊ, ರ್‍ಯಾಮ್ 1500 ಇವು ಒಂದಕ್ಕೊಂದು ಸೆಡ್ಡು ಹೊಡೆಯುವುದೇ ಅಶ್ವಶಕ್ತಿಯ ಮೇಲೆ, ಎಫ್-150 ಆರು ಟನ್ ಎಳೆಯುತ್ತದೆ, ಹಾಗಿದ್ದರೆ ಅವರ ಲೆಕ್ಕ ತಪ್ಪೇ? ತಪ್ಪಲ್ಲ, ಅವರ ಕೆಲಸ ಬೇರೆ. ಅಲ್ಲಿ ಆರು ಟನ್ನಿನ ಟ್ರೇಲರನ್ನು ಹೆದ್ದಾರಿಯ ವೇಗದಲ್ಲಿ ಒಯ್ಯಬೇಕು, ವೇಗ ಬಂದಲ್ಲಿ ಶಕ್ತಿ ಬೇಕೇ ಬೇಕು. ಅದೇ ಎಫ್-150 ತನ್ನ ಬೆನ್ನ ಮೇಲೆ ಹೊರುವುದು ಹೆಚ್ಚೆಂದರೆ ಒಂದೂವರೆ ಟನ್ನಿನಷ್ಟು, ಐದನೆಯ ಒಂದು ಪಾಲು ಶಕ್ತಿಯ ನಮ್ಮ ಬೊಲೆರೊಗಿಂತ ಕಡಿಮೆ. ಅವರಿಂದ ಕಲಿಯಬೇಕಾದದ್ದು ಪರೀಕ್ಷೆಯ ಶಿಸ್ತನ್ನು. ಮೊದಲು ಅಲ್ಲಿಯೂ ಪ್ರತಿ ಕಂಪನಿ ತನಗೆ ತೋಚಿದ ಎಳೆತದ ಅಂಕಿ ಹೇಳುತ್ತಿತ್ತು. ಆಮೇಲೆ ಜೆ2807 ಎಂಬ ಮಾನದಂಡ ಬಂತು. ಅರಿಜೋನಾದ ಡೇವಿಸ್ ಡ್ಯಾಮ್ ಬಳಿ ಹದಿನೆಂಟು ಕಿಲೋಮೀಟರ್ ಉದ್ದದ ಏರಿದೆ. ಸುಡು ಬಿಸಿಲಿನಲ್ಲಿ, ಎಸಿ ಪೂರ್ತಿ ಹಾಕಿಕೊಂಡು, ಟ್ರೇಲರ್ ಸಮೇತ ಗಂಟೆಗೆ 64 ಕಿಲೋಮೀಟರಿಗಿಂತ ಕೆಳಗಿಳಿಯದೆ ಅದನ್ನು ಹತ್ತಿ ತೋರಿಸಬೇಕು. ಎಲ್ಲರಿಗೂ ಅದೇ ಏರು, ಅದೇ ನಿಯಮ. ಟ್ರ್ಯಾಕ್ಟರುಗಳಿಗೆ ಇಂತಹ ಪರೀಕ್ಷೆಯನ್ನು ನೆಬ್ರಾಸ್ಕ ರಾಜ್ಯ 1919ರಲ್ಲೇ ಕಾನೂನಿನಿಂದ ಕಡ್ಡಾಯ ಮಾಡಿತು. ನಮ್ಮಲ್ಲಿಯೂ ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆ ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ, ಕೊಂಡಿಯಲ್ಲಿ ಎಷ್ಟು ಎಳೆತ ಸಿಕ್ಕಿತು, ಗಾಲಿ ಎಷ್ಟು ಜಾರಿತು ಎಂದು ವರದಿ ಕೊಡುತ್ತದೆ. ಟ್ರ್ಯಾಕ್ಟರ್ ಕೊಳ್ಳುವ ರೈತ ಶೋರೂಮಿನಲ್ಲಿ ಮೊದಲು ಕೇಳಬೇಕಾದ ಕಾಗದ ಅದು.

ಎಳೆಯುವುದರ ಅರ್ಧ ಕೆಲಸ ನಿಲ್ಲಿಸುವುದು, ಅದಕ್ಕೆ ಜಾಹೀರಾತುಗಳಲ್ಲಿ ಸಿಗುವ ಜಾಗ ಕಡಿಮೆ. ಡಾಂಬರು ರಸ್ತೆಯಲ್ಲಿ 20 ಟನ್ ಕಬ್ಬನ್ನು ಉರುಳಿಸಿಕೊಂಡು ಹೋಗಲು ಮುನ್ನೂರು ಕಿಲೋ ಎಳೆತ ಸಾಕು. ಅದರಿಂದಲೇ ಹೊಲದಿಂದ ಒಂದೊಂದೇ ಟ್ರೇಲರ್ ಹೊರತಂದು, ರಸ್ತೆಗೆ ಬಂದ ಮೇಲೆ ಎರಡನ್ನೂ ಜೋಡಿಸುವುದು ಸಾಧ್ಯವಾಗುತ್ತದೆ. ಆ ಸಲೀಸುತನದಲ್ಲೇ ಅಪಾಯವಿದೆ. 20 ಕಿಲೋಮೀಟರ್ ವೇಗದಲ್ಲಿರುವ ಬರೀ ಟ್ರ್ಯಾಕ್ಟರ್ ಬ್ರೇಕ್ ಒತ್ತಿದ ಮೂರು ಮೀಟರಿನಲ್ಲಿ ನಿಲ್ಲುತ್ತದೆ. ಹಿಂದೆ ಬ್ರೇಕಿಲ್ಲದ 20 ಟನ್ ಇದ್ದರೆ ಸಮತಟ್ಟಿನಲ್ಲೇ 25 ಮೀಟರ್ ದಾಟುತ್ತದೆ. ಇಪ್ಪತ್ತಕ್ಕೆ ಒಂದರ ಇಳಿಜಾರಿನಲ್ಲಿ ಟ್ರೇಲರುಗಳ ನೂಕು ಟ್ರ್ಯಾಕ್ಟರಿನ ಹಿಡಿತವನ್ನು ಹೆಚ್ಚುಕಡಿಮೆ ಪೂರ್ತಿ ನುಂಗಿ, ನಿಲ್ಲಲು ನೂರು ಮೀಟರಿಗೂ ಹೆಚ್ಚು ಬೇಕಾಗುತ್ತದೆ. ಅದೂ ರಸ್ತೆ ಒಣಗಿದ್ದರೆ, ಕೊಂಡಿ ಓರೆಯಾಗಿ ಟ್ರ್ಯಾಕ್ಟರ್ ಅಡ್ಡ ತಿರುಗದಿದ್ದರೆ. ಇಲ್ಲಿಯೂ 50 ಅಶ್ವಶಕ್ತಿಯ ಬದಲು 60 ಇದ್ದರೆ ಒಂದು ಗೇಣಿನ ಉಪಕಾರವೂ ಇಲ್ಲ. ಉಪಕಾರವಾಗುವುದು ಟ್ರೇಲರಿನ ಸ್ವಂತ ಗಾಲಿಗಳಿಗೆ ಬ್ರೇಕ್ ಇದ್ದಾಗ, ಏಕೆಂದರೆ 20 ಟನ್ ಒತ್ತಿ ಕೂತಿರುವುದು ಆ ಗಾಲಿಗಳ ಮೇಲೆ, ಹಿಡಿತವೆಲ್ಲ ಇರುವುದು ಅಲ್ಲಿ. ಟ್ರೇಲರ್ ಖಾಲಿ ನಿಂತಾಗ ಅಚ್ಚಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಗಾಲಿಯ ಒಳಬದಿ ನೋಡಿದರೆ ಬ್ರೇಕ್ ಇದೆಯೋ ಇಲ್ಲವೋ ಒಂದೇ ನೋಟಕ್ಕೆ ಗೊತ್ತಾಗುತ್ತದೆ.