ಅಮೆರಿಕದ ಕಾಲೇಜು ತಂಡಗಳ ಗುಳೆ



‘ಬಿಗ್ ಟೆನ್’, ಅಂದರೆ ದೊಡ್ಡ ಹತ್ತು, ಎಂಬ ಹೆಸರಿನ ಕೂಟದಲ್ಲಿ 18 ಸದಸ್ಯರಿದ್ದಾರೆ ಎಂದರೆ ನಿಮಗೆ ನಗು ಬರಬಹುದು. ಅಟ್ಲಾಂಟಿಕ್ ಸಾಗರತೀರದ ಹೆಸರು ಹೊತ್ತ ಇನ್ನೊಂದು ಕೂಟಕ್ಕೆ 2024ರಲ್ಲಿ ಪೆಸಿಫಿಕ್ ಸಾಗರದ ದಿಕ್ಕಿನ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯಗಳು ಸೇರಿದವು. ಎರಡೂ ಅಮೆರಿಕದಲ್ಲಿ ನಡೆದ ಸಂಗತಿಗಳೇ. ಅಲ್ಲಿನ ಕಾಲೇಜು ಫುಟ್‌ಬಾಲ್ ತಂಡಗಳು ಹೀಗೆ ಮನೆ ಬಿಟ್ಟು ಮನೆ ಸೇರುವುದೇಕೆ ಎಂಬುದನ್ನು ಈ ಹೊತ್ತು ಸ್ವಲ್ಪ ನೋಡೋಣ.

ಮೊದಲಿಗೆ ಒಂದು ಮಾತು. ಅವರು ಫುಟ್‌ಬಾಲ್ ಎನ್ನುವುದು ನಾವು ಕಾಲಿನಲ್ಲಿ ಒದೆಯುವ ಆಟವಲ್ಲ. ತೆಂಗಿನಕಾಯಿಯ ಆಕಾರದ ಚೆಂಡನ್ನು ಕಂಕುಳಲ್ಲಿ ಹಿಡಿದು ಓಡುವುದು, ಎದುರಾಳಿಗಳು ಮೈಮೇಲೆ ಬಿದ್ದು ಕೆಡವುವುದು. ನಮ್ಮ ಕಣ್ಣಿಗೆ ಕಬಡ್ಡಿಗೆ ಕುಸ್ತಿಯನ್ನು ಬೆರೆಸಿದ ಹಾಗೆ ಕಾಣುತ್ತದೆ. ಅದರ ಹುಚ್ಚು ಎಷ್ಟೆಂದರೆ ಮಿಷಿಗನ್ ವಿಶ್ವವಿದ್ಯಾಲಯದ ಒಂದು ಕ್ರೀಡಾಂಗಣದಲ್ಲೇ ಒಂದು ಲಕ್ಷಕ್ಕೂ ಮೀರಿ ಜನ ಕೂರಬಹುದು.

ಅಕ್ಕಪಕ್ಕದ ಸೀಮೆಯ ವಿಶ್ವವಿದ್ಯಾಲಯಗಳು ತಮ್ಮತಮ್ಮಲ್ಲಿ ಪಂದ್ಯ ಗೊತ್ತುಮಾಡಿಕೊಳ್ಳಲು ಮಾಡಿಕೊಂಡ ಏರ್ಪಾಡಿಗೆ ಅಲ್ಲಿ ‘ಕಾನ್ಫರೆನ್ಸ್’ ಎನ್ನುತ್ತಾರೆ. ನಾವು ಒಕ್ಕೂಟ ಎನ್ನೋಣ. ಬಿಗ್ ಟೆನ್ 1896ರಲ್ಲಿ ಏಳು ಸದಸ್ಯರಿಂದ ಶುರುವಾಯಿತು. ರೈಲಿನಲ್ಲಿ ಹೋಗಿ ಆಡಿ ಬರುವಷ್ಟು ದೂರ, ವರ್ಷವರ್ಷವೂ ಅದೇ ಎದುರಾಳಿ, ಅದೇ ಜಿದ್ದು. ಆ ಏಳರಲ್ಲಿ ಒಂದಾದ ಷಿಕಾಗೊ ವಿಶ್ವವಿದ್ಯಾಲಯ 1939ರಲ್ಲಿ ಫುಟ್‌ಬಾಲನ್ನೇ ಕೈಬಿಟ್ಟಿತು, 1946ರಲ್ಲಿ ಒಕ್ಕೂಟದಿಂದಲೂ ಹೊರಬಂತು. ಅದರಿಂದ ಅಲ್ಲಿನ ವಿದ್ಯೆಗೇನೂ ಕುಂದು ಬರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಎಲ್ಲ ಬದಲಾದದ್ದು 1984ರಲ್ಲಿ. ಅಲ್ಲಿಯತನಕ ಯಾವ ಪಂದ್ಯವನ್ನು ಟೆಲಿವಿಷನ್‌ನಲ್ಲಿ ತೋರಿಸಬೇಕು, ಒಂದು ತಂಡ ಎಷ್ಟು ಸಲ ಕಾಣಿಸಿಕೊಳ್ಳಬೇಕು ಎಂಬುದನ್ನೆಲ್ಲ ಎನ್‌ಸಿಎಎ ಎಂಬ ರಾಷ್ಟ್ರೀಯ ಸಂಸ್ಥೆಯೇ ನಿಗದಿ ಮಾಡುತ್ತಿತ್ತು. ಒಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದವು. ಇದು ಏಕಸ್ವಾಮ್ಯ ವಿರೋಧಿ ಕಾನೂನಿಗೆ ವಿರುದ್ಧವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಅಂದಿನಿಂದ ಪ್ರಸಾರದ ಹಕ್ಕು ಮಾರುವ ಸ್ವಾತಂತ್ರ್ಯ ಆಯಾ ವಿಶ್ವವಿದ್ಯಾಲಯ ಮತ್ತು ಒಕ್ಕೂಟಗಳ ಕೈಗೆ ಬಂತು. ಅಂಗಡಿ ತೆರೆಯಿತು ಎನ್ನಿ.

ಈಗ ಲೆಕ್ಕಕ್ಕೆ ಬರೋಣ. ಟೆಲಿವಿಷನ್ ಕಂಪನಿ ಇಡೀ ಒಕ್ಕೂಟದ ಪಂದ್ಯಗಳನ್ನು ಹಲವು ವರ್ಷಕ್ಕೆ ಒಟ್ಟಾಗಿ ಕೊಳ್ಳುತ್ತದೆ. ಬಂದ ಹಣವನ್ನು ಸದಸ್ಯರು ಸಾಮಾನ್ಯವಾಗಿ ಸಮನಾಗಿ ಹಂಚಿಕೊಳ್ಳುತ್ತಾರೆ. ಹತ್ತು ಸದಸ್ಯರ ಒಕ್ಕೂಟಕ್ಕೆ 500 ರೂಪಾಯಿ ಬಂತೆಂದು ಇಟ್ಟುಕೊಳ್ಳಿ, ತಲೆಗೆ 50. ಹನ್ನೊಂದನೆಯವನು ಬಂದರೆ ಗಂಟು ಕನಿಷ್ಠ 550 ಆಗಬೇಕು, ಇಲ್ಲದಿದ್ದರೆ ಹಳಬರ ಪಾಲು ಕರಗುತ್ತದೆ. ಆದ್ದರಿಂದ 50ಕ್ಕಿಂತ ಹೆಚ್ಚು ತರಬಲ್ಲವನಿಗೆ ಮಾತ್ರ ಕರೆ ಬರುತ್ತದೆ. ಇತ್ತ 80 ದುಡಿದುಕೊಟ್ಟು 50 ತೆಗೆದುಕೊಳ್ಳುವ ದೊಡ್ಡ ತಂಡಕ್ಕೆ ಮನಸ್ಸಿನಲ್ಲಿ ಕುದಿ ಇದ್ದೇ ಇರುತ್ತದೆ. ಪಾಲು ಹೆಚ್ಚಿರುವ ಕಡೆಯಿಂದ ಕರೆ ಬಂದರೆ ಅದು ಹೊರಡುತ್ತದೆ.

ಆಟದ ಬಲವೊಂದೇ ಬೆಲೆ ಕಟ್ಟುವುದಿಲ್ಲ. 2007ರಲ್ಲಿ ಬಿಗ್ ಟೆನ್ ತನ್ನದೇ ಟೆಲಿವಿಷನ್ ಚಾನೆಲ್ ಶುರುಮಾಡಿತು. ತನ್ನ ಸದಸ್ಯರಿರುವ ರಾಜ್ಯಗಳಲ್ಲಿ ಪ್ರತಿ ಕೇಬಲ್ ಮನೆಯಿಂದ ಅದಕ್ಕೆ ಹೆಚ್ಚು ಶುಲ್ಕ ಸಿಗುತ್ತಿತ್ತು. 2014ರಲ್ಲಿ ರಟ್ಗರ್ಸ್ ಮತ್ತು ಮೇರಿಲ್ಯಾಂಡ್‌ಗಳನ್ನು ಸೇರಿಸಿಕೊಂಡದ್ದರ ಗುಟ್ಟು ಇದು. ರಟ್ಗರ್ಸ್ ನ್ಯೂಯಾರ್ಕಿನ ಮಗ್ಗುಲಲ್ಲಿದೆ, ಮೇರಿಲ್ಯಾಂಡ್ ವಾಷಿಂಗ್ಟನ್ನಿನ ಮಗ್ಗುಲಲ್ಲಿದೆ. ಕೊಂಡದ್ದು ಆಟಗಾರರನ್ನಲ್ಲ, ಮನೆಗಳನ್ನು! ಮುಂದೆ ಜನ ಕೇಬಲ್ ಕಿತ್ತುಹಾಕತೊಡಗಿದಾಗ ಈ ಲೆಕ್ಕ ಸಡಿಲವಾಯಿತು. ದೇಶವಿಡೀ ಕೂತು ನೋಡುವ ದೊಡ್ಡ ಹೆಸರಿನ ತಂಡಗಳಿಗೆ ಬೆಲೆ ಏರಿತು.

2022ರ ಜೂನ್ 30ರಂದು ಲಾಸ್ ಏಂಜಲಿಸ್‌ನ ಎರಡು ವಿಶ್ವವಿದ್ಯಾಲಯಗಳು, ಯುಎಸ್‌ಸಿ ಮತ್ತು ಯುಸಿಎಲ್‌ಎ, ಪೆಸಿಫಿಕ್ ತೀರದ ‘ಪ್ಯಾಕ್-12’ ಒಕ್ಕೂಟ ಬಿಟ್ಟು ಬಿಗ್ ಟೆನ್ ಸೇರುವುದಾಗಿ ಸಾರಿದವು. ಅದೇ ಆಗಸ್ಟಿನಲ್ಲಿ ಬಿಗ್ ಟೆನ್ ಏಳು ವರ್ಷಕ್ಕೆ 700 ಕೋಟಿ ಡಾಲರಿಗೂ ಮೀರಿದ ಪ್ರಸಾರ ಒಪ್ಪಂದ ಮಾಡಿಕೊಂಡಿತು. ಅತ್ತ ಪ್ಯಾಕ್-12ಕ್ಕೆ ಉತ್ತಮ ಕೊಳ್ಳುವವರೇ ಸಿಗಲಿಲ್ಲ. 2023ರ ಜುಲೈನಲ್ಲಿ ಕೊಲರಾಡೊ ಹೊರಟಿತು. ಆಗಸ್ಟ್ 4ರಂದು, ಒಂದೇ ದಿನದಲ್ಲಿ, ಐದು ತಂಡಗಳು ಗಂಟುಮೂಟೆ ಕಟ್ಟಿದವು. ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಗಳೂ ಹೋದ ಮೇಲೆ ಹನ್ನೆರಡರಲ್ಲಿ ಉಳಿದದ್ದು ಎರಡು: ಓರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್. ಅವುಗಳ ಆಟದಲ್ಲಿ ದೋಷವಿರಲಿಲ್ಲ. ಸಣ್ಣ ಊರು, ಕಡಿಮೆ ಟೆಲಿವಿಷನ್ ಮನೆಗಳು. ಅಷ್ಟೇ ಅವುಗಳ ತಪ್ಪು. 1915ರಿಂದ ನಡೆದುಬಂದ ಮನೆಯ ಬೀಗದ ಕೈಗಾಗಿ ಈ ಇಬ್ಬರು ನ್ಯಾಯಾಲಯಕ್ಕೆ ಹೋಗಿ ಒಕ್ಕೂಟದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. 2024ರ ಸೆಪ್ಟೆಂಬರಿನಲ್ಲಿ ಅವರೂ ‘ಮೌಂಟನ್ ವೆಸ್ಟ್’ ಎಂಬ ತಮಗಿಂತ ಚಿಕ್ಕ ಒಕ್ಕೂಟದಿಂದ ತಂಡಗಳನ್ನು ಸೆಳೆದುಕೊಂಡರು. ಕಳೆದುಕೊಂಡವರು ಇನ್ನೊಬ್ಬರದನ್ನು ಕಿತ್ತುಕೊಳ್ಳಲೇಬೇಕಾದ ಸರಪಳಿ ಇದು.

ಹೊರಡುವವರನ್ನು ತಡೆಯಲು ಕಟ್ಟುಪಾಡುಗಳಿಲ್ಲವೇ? ಇವೆ. ದಂಡ ಇದೆ: ಮೇರಿಲ್ಯಾಂಡ್ ತನ್ನ ಹಳೆಯ ಒಕ್ಕೂಟಕ್ಕೆ 3.1 ಕೋಟಿ ಡಾಲರ್ ತೆತ್ತಿತು. ಟೆಕ್ಸಸ್ ಮತ್ತು ಒಕ್ಲಹೋಮ ಒಂದು ವರ್ಷ ಮೊದಲೇ ಹೊರಡಲು ಇಬ್ಬರೂ ಸೇರಿ 10 ಕೋಟಿಗೆ ಒಪ್ಪಿದರು. ಇನ್ನೊಂದು, ಹಕ್ಕನ್ನೇ ಬರೆಸಿಕೊಳ್ಳುವುದು. ತಂಡ ಎಲ್ಲಿಗೆ ಹೋದರೂ ಅದರ ತವರಿನ ಪಂದ್ಯಗಳ ಪ್ರಸಾರದ ಹಕ್ಕು ಒಪ್ಪಂದದ ಅವಧಿ ಮುಗಿಯುವತನಕ ಹಳೆಯ ಒಕ್ಕೂಟದ್ದೇ. ಬ್ಯಾಂಕಿನ ಕೌಂಟರಿನಲ್ಲಿ ಬೆಳೆಸಾಲದ ಕಾಗದ ನೋಡಿದ ನನಗೆ ಇದು ಹೊಸದೆನಿಸಲಿಲ್ಲ. ಬರಲಿರುವ ಫಸಲನ್ನು ಮೊದಲೇ ಬರೆದುಕೊಟ್ಟ ಹಾಗೆ. ಅಟ್ಲಾಂಟಿಕ್ ಒಕ್ಕೂಟದವರು 2036ರವರೆಗೆ ಹೀಗೆ ಬರೆಸಿಕೊಂಡಿದ್ದರು. 2023ರ ಡಿಸೆಂಬರಿನಲ್ಲಿ ಅದರ ಸದಸ್ಯ ಫ್ಲಾರಿಡಾ ಸ್ಟೇಟ್ ಒಂದೂ ಪಂದ್ಯ ಸೋಲದಿದ್ದರೂ ರಾಷ್ಟ್ರ ಚಾಂಪಿಯನ್‌ಷಿಪ್ಪಿನ ಕೊನೆಯ ನಾಲ್ವರಲ್ಲಿ ಜಾಗ ಸಿಗಲಿಲ್ಲ. ಆ ತಿಂಗಳೇ ಅದು ಒಕ್ಕೂಟದ ಮೇಲೆ ದಾವೆ ಹೂಡಿತು. 2025ರ ಮಾರ್ಚಿನಲ್ಲಿ ರಾಜಿಯಾಯಿತು. ಹೆಚ್ಚು ಜನ ನೋಡುವ ತಂಡಕ್ಕೆ ಹೆಚ್ಚು ಪಾಲು ಎಂದು ಹಂಚಿಕೆಯನ್ನೇ ತಿದ್ದಿದರು.

ಭಾರ ಬೀಳುವುದು ಬೇರೆಯವರ ಮೇಲೆ. ಫುಟ್‌ಬಾಲ್ ವಾರಕ್ಕೆ ಒಂದೇ ಪಂದ್ಯ. ಆದರೆ ಒಕ್ಕೂಟ ಬದಲಾದರೆ ವಾಲಿಬಾಲ್, ಸಾಫ್ಟ್‌ಬಾಲ್ ಆಡುವ ಹುಡುಗಿಯರೂ ಲಾಸ್ ಏಂಜಲಿಸ್‌ನಿಂದ ನ್ಯೂಜೆರ್ಸಿಯವರೆಗೆ, ಸುಮಾರು 4,000 ಕಿಲೋಮೀಟರ್, ಹಾರಿ ಹೋಗಿ ಆಡಿ, ಮರಳಿ ಬಂದು ಪರೀಕ್ಷೆ ಬರೆಯಬೇಕು. ಬರ್ಕ್ಲಿಯೂ ಯುಸಿಎಲ್‌ಎಯೂ ಒಂದೇ ಸರ್ಕಾರಿ ವಿಶ್ವವಿದ್ಯಾಲಯ ವ್ಯವಸ್ಥೆಗೆ ಸೇರಿದವು. ಹಾಗಾಗಿ ನೀನು ಹೋದದ್ದರಿಂದ ನಿನ್ನ ಅಣ್ಣನಿಗಾದ ನಷ್ಟ ತುಂಬಿಕೊಡು ಎಂದು ಆಡಳಿತ ಮಂಡಳಿ 2024ರಲ್ಲಿ ಯುಸಿಎಲ್‌ಎಗೆ ವರ್ಷಕ್ಕೆ 1 ಕೋಟಿ ಡಾಲರ್ ಗೊತ್ತುಮಾಡಿತು.

ಟೆಕ್ಸಸ್ ರಾಜ್ಯದ ಕಥೆ ಹೇಳಿ ಮುಗಿಸುತ್ತೇನೆ. ಟೆಕ್ಸಸ್ ವಿಶ್ವವಿದ್ಯಾಲಯಕ್ಕೂ ನೆರೆಯ ಟೆಕ್ಸಸ್ ಎ ಅಂಡ್ ಎಂಗೂ 1894ರಿಂದ ಜಿದ್ದಿನ ಪಂದ್ಯ. 2011ರಲ್ಲಿ ಟೆಕ್ಸಸ್ ಇಪ್ಪತ್ತು ವರ್ಷಕ್ಕೆ 30 ಕೋಟಿ ಡಾಲರಿನ ಒಪ್ಪಂದದಲ್ಲಿ ತನ್ನದೇ ಚಾನೆಲ್ ತೆರೆಯಿತು. ಇವನ ನೆರಳಿನಲ್ಲಿ ಇರಲಾರೆ ಎಂದು ಎ ಅಂಡ್ ಎಂ 2012ರಲ್ಲಿ ಆಗ್ನೇಯ ರಾಜ್ಯಗಳ ಎಸ್‌ಇಸಿ ಒಕ್ಕೂಟಕ್ಕೆ ಹೋಯಿತು, ಪಂದ್ಯ ನಿಂತಿತು. 2021ರಲ್ಲಿ ಟೆಕ್ಸಸ್ ಅದೇ ಒಕ್ಕೂಟದ ಬಾಗಿಲು ತಟ್ಟಿದಾಗ ಹದಿನಾಲ್ಕೂ ಸದಸ್ಯರು, ಎ ಅಂಡ್ ಎಂ ಸೇರಿದಂತೆ, ಒಪ್ಪಿಗೆಯ ಮತ ಹಾಕಿದರು. 2024ರ ನವೆಂಬರ್ 30ರಂದು ಆ ಪಂದ್ಯ ಮತ್ತೆ ನಡೆಯಿತು. ಎ ಅಂಡ್ ಎಂ ಅಂಗಳದಲ್ಲೇ ಟೆಕ್ಸಸ್ 17-7ರಲ್ಲಿ ಗೆದ್ದಿತು.