ಇಪ್ಪತ್ತು ರೂಪಾಯಿಯ ರಿಂಗ್‌ಗೆ ನಾಲ್ಕು ದಿನ ಕೆಲಸ ಬಂದ್!
ಬಾಟಲಿ ತುಂಬುವ ಯಂತ್ರಕ್ಕೂ ಒಂದು ಜಾತಕ ಬೇಕು

ಕಾಸರಗೋಡು: ಓಣಂಗೆ ವಾರ ಬಾಕಿ ಇರುವಾಗಲೇ ಎಣ್ಣೆ ತುಂಬುವ ಯಂತ್ರ ಕೈಕೊಡುವುದು ಯಾಕೆ? ಉತ್ತರ ಸುಲಭ. ಅದು ಹೆಚ್ಚು ಓಡುವುದೇ ಆಗ. ವರ್ಷವಿಡೀ ದಿನಕ್ಕೆ ಎರಡು ಗಂಟೆ ಓಡಿದ ಯಂತ್ರವನ್ನು ಹಬ್ಬದ ಮುಂಚೆ ಹತ್ತು ಗಂಟೆ ಓಡಿಸಿದರೆ, ಮೊದಲೇ ಸವೆದು ಕೂತಿದ್ದ ಒಂದು ರಬ್ಬರ್ ರಿಂಗ್ ಅಂದೇ ಹರಿಯುತ್ತದೆ. ಅದರ ಬೆಲೆ ಇಪ್ಪತ್ತು ರೂಪಾಯಿ ಇರಬಹುದು. ಆದರೆ ಅಳತೆ ಗೊತ್ತಿಲ್ಲ, ಹೆಸರು ಗೊತ್ತಿಲ್ಲ, ಎಲ್ಲಿ ಸಿಗುತ್ತದೆ ಅಂತಲೂ ಗೊತ್ತಿಲ್ಲ. ನಾಲ್ಕು ದಿನ ಕೆಲಸ ಬಂದ್. ಕೆಲಸದವರಿಗೆ ಸಂಬಳ ಕೊಡಲೇಬೇಕು. ಅಷ್ಟರಲ್ಲಿ ಅಂಗಡಿಯವರು ಬೇರೆ ಕಂಪನಿಯ ಬಾಟಲಿ ಇಟ್ಟುಕೊಂಡಾಯ್ತು.

ಮಂಜೇಶ್ವರದಿಂದ ಹೊಸದುರ್ಗದವರೆಗೆ ನಮ್ಮ ಊರುಗಳಲ್ಲಿ ಬಾಟಲಿ ತುಂಬುವ ಸಣ್ಣ ಘಟಕಗಳಿಗೆ ಬರವಿಲ್ಲ. ತೆಂಗಿನೆಣ್ಣೆ, ಪುನರ್ಪುಳಿ ಸಿರಪ್, ಕುಡಿಯುವ ನೀರು, ಫಿನಾಯಿಲ್ - ಒಂದಲ್ಲ ಒಂದು. ಕೆಲವು ವಿದ್ಯಾನಗರ, ಸೀತಾಂಗೋಳಿ, ಅನಂತಪುರದಂಥ ಕೈಗಾರಿಕಾ ಪ್ರದೇಶಗಳಲ್ಲಿವೆ. ಇನ್ನು ಕೆಲವು ಮನೆ ಪಕ್ಕದ ಶೆಡ್‌ನಲ್ಲೇ ನಡೆಯುತ್ತವೆ. ಯಂತ್ರಕ್ಕೆ ಬ್ಯಾಂಕಿನ ಸಾಲ, ಕೆಲಸಕ್ಕೆ ಮನೆಯವರು ಮತ್ತು ನೆರೆಕರೆಯ ಐದಾರು ಮಂದಿ. ಇಂಥ ಕಡೆ ಯಂತ್ರ ನಿಂತರೆ ಮನೆಯ ಲೆಕ್ಕವೇ ತಪ್ಪುತ್ತದೆ.

ಯಂತ್ರದ ಒಳಗೆ ಎಂತ ಉಂಟು?

ಸಣ್ಣ ಘಟಕಗಳಲ್ಲಿ ಹೆಚ್ಚಾಗಿ ಕಾಣುವುದು ಪಿಸ್ಟನ್ ಮಾದರಿಯ ಯಂತ್ರ. ದೊಡ್ಡ ಸಿರಿಂಜ್ ಅಂತಲೇ ತಿಳಿಯಿರಿ. ಪಿಸ್ಟನ್ ಹಿಂದೆ ಸರಿದಾಗ ಟ್ಯಾಂಕಿನಿಂದ ಎಣ್ಣೆ ಎಳೆದುಕೊಳ್ಳುತ್ತದೆ, ಮುಂದೆ ಬಂದಾಗ ನಳಿಕೆಯ ಮೂಲಕ ಬಾಟಲಿಗೆ ತಳ್ಳುತ್ತದೆ. ತಳ್ಳಿದ್ದು ಟ್ಯಾಂಕಿಗೇ ವಾಪಸ್ ಹೋಗದಂತೆ ನಡುವೆ ಕವಾಟಗಳು. ಪಿಸ್ಟನ್ನನ್ನು ಓಡಿಸುವುದು ಕಂಪ್ರೆಸರಿನ ಗಾಳಿ. ಗಾಳಿ ಆಚೆಯೋ ಈಚೆಯೋ ಎಂದು ದಾರಿ ತೋರಿಸುವುದು ಕರೆಂಟಿನಿಂದ ನಡೆಯುವ ಸೊಲೆನಾಯ್ಡ್ ಕವಾಟ. ಬಾಟಲಿ ಬಂತೋ ಇಲ್ಲವೋ ನೋಡುವುದಕ್ಕೆ ಒಂದು ಸೆನ್ಸರ್. ಇಷ್ಟೇ.

ಹೀಗಾಗಿ ಯಂತ್ರ ಕೆಡುವಾಗ ಮುಂಚೆಯೇ ಹೇಳಿ ಕೆಡುತ್ತದೆ. ಕೇಳಿಸಿಕೊಳ್ಳುವವರು ಬೇಕು. ತುಂಬಿ ಮುಗಿದ ಮೇಲೂ ನಳಿಕೆಯಿಂದ ಹನಿ ಬೀಳುತ್ತಿದ್ದರೆ ನಳಿಕೆಯ ತುದಿಯ ಸೀಲ್ ಸವೆದಿದೆ ಅಂತ ಅರ್ಥ. ಒಂದು ಬಾಟಲಿ ಹೆಚ್ಚು, ಇನ್ನೊಂದು ಕಡಿಮೆ ಎಂದಾದರೆ ಕವಾಟದಲ್ಲಿ ಕಸ ಸಿಕ್ಕಿರಬಹುದು, ಎಳೆಯುವ ಪೈಪಿನ ಜೋಡಣೆಯಲ್ಲಿ ಗಾಳಿ ಸೇರುತ್ತಿರಬಹುದು ಅಥವಾ ಪಿಸ್ಟನ್ ಸೀಲ್ ಹೋಗಿರಬಹುದು. ಎಲ್ಲಾ ಬಾಟಲಿಯೂ ಒಂದೇ ಸಮ ಕಡಿಮೆ ಎಂದಾದರೆ ಮೊದಲು ಅಳತೆಯ ಸ್ಕ್ರೂ ಸಡಿಲವಾಗಿದೆಯಾ ನೋಡಿ. ಪಿಸ್ಟನ್ ನಿಧಾನವಾದರೆ ಗಾಳಿಯ ಫಿಲ್ಟರ್ ನೋಡಿ. ಮಳೆಗಾಲದ ನಮ್ಮ ಗಾಳಿಯಲ್ಲಿ ನೀರಿನ ಪಸೆ ಜಾಸ್ತಿ. ಕಂಪ್ರೆಸರಿನ ಟ್ಯಾಂಕ್ ಮತ್ತು ಫಿಲ್ಟರಿನ ಬಟ್ಟಲಿನಲ್ಲಿ ನಿಂತ ನೀರನ್ನು ದಿನವೂ ಬಿಡದಿದ್ದರೆ ಅದು ಕವಾಟಕ್ಕೆ ಹೋಗಿ ತುಕ್ಕು ಹಿಡಿಸುತ್ತದೆ. ಬಾಟಲಿ ಎದುರಿದ್ದರೂ ಯಂತ್ರ ತುಂಬದಿದ್ದರೆ ಸೆನ್ಸರಿನ ಕಣ್ಣಿಗೆ ಎಣ್ಣೆ ಮೆತ್ತಿದೆಯಾ ನೋಡಿ. ಒರೆಸಿದರೆ ಸರಿಯಾಗುವ ಕೆಲಸಕ್ಕೆ ಹೊಸ ಸೆನ್ಸರ್ ತರಿಸಿದವರೂ ಇದ್ದಾರೆ.

ಒಂದು ಮಾತು ಮರೆಯಬಾರದು. ಏನು ಬಿಚ್ಚುವುದಿದ್ದರೂ ಕರೆಂಟ್ ಆಫ್ ಮಾಡಿದರೆ ಸಾಲದು, ಪೈಪಿನಲ್ಲಿ ಉಳಿದ ಗಾಳಿಯನ್ನೂ ಹೊರಗೆ ಬಿಡಬೇಕು. ಕರೆಂಟ್ ಇಲ್ಲದಿದ್ದರೂ ಆ ಗಾಳಿ ಪಿಸ್ಟನ್ನನ್ನು ಒಮ್ಮೆ ತಳ್ಳುತ್ತದೆ. ಬೆರಳು ಹೋಗಲು ಅಷ್ಟು ಸಾಕು.

ಹನಿ ಲೆಕ್ಕ, ಲೀಟರ್ ನಷ್ಟ

ಸೀಲ್ ಸವೆದರೆ ನಷ್ಟ ಎರಡು ಕಡೆಯಿಂದ. ಬಾಟಲಿಗೆ 5 ಮಿ.ಲೀ. ಹೆಚ್ಚು ಹೋಯಿತು ಅಂತ ಇಟ್ಟುಕೊಳ್ಳಿ. ದಿನಕ್ಕೆ 2000 ಬಾಟಲಿ ಆದರೆ 10 ಲೀಟರ್ ಎಣ್ಣೆ ಧರ್ಮಕ್ಕೆ. ಕಡಿಮೆ ಹೋದರೆ ಕಾನೂನು ಬರುತ್ತದೆ. 2009ರ ಲೀಗಲ್ ಮೆಟ್ರಾಲಜಿ ಕಾಯ್ದೆಯ ಕೆಳಗೆ 2011ರಲ್ಲಿ ಬಂದ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ಅರ್ಧ ಲೀಟರ್ ಬಾಟಲಿಯಲ್ಲಾಗಲೀ ಒಂದು ಲೀಟರ್ ಬಾಟಲಿಯಲ್ಲಾಗಲೀ 15 ಮಿ.ಲೀ.ಗಿಂತ ಹೆಚ್ಚು ಕೊರತೆ ಇರುವಂತಿಲ್ಲ. 200 ಮಿ.ಲೀ. ಬಾಟಲಿಗೆ ಇದು 9 ಮಿ.ಲೀ. ಹಾಗಂತ ಎಲ್ಲಾ ಬಾಟಲಿಗೂ 14 ಮಿ.ಲೀ. ಕಡಿಮೆ ತುಂಬಬಹುದು ಅಂದುಕೊಳ್ಳಬೇಡಿ. ಪರೀಕ್ಷೆಗೆ ತೆಗೆದ ಬಾಟಲಿಗಳ ಸರಾಸರಿ, ಲೇಬಲ್ಲಿನಲ್ಲಿ ಬರೆದಷ್ಟಾದರೂ ಇರಲೇಬೇಕು.

ತೆಂಗಿನೆಣ್ಣೆಯದ್ದು ಇನ್ನೊಂದು ಗುಣ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಡಿಸೆಂಬರ್-ಜನವರಿಯ ಬೆಳಗ್ಗೆ ಟ್ಯಾಂಕಿನ ಎಣ್ಣೆ ದಪ್ಪಗಾಗಿರುವಾಗ ಯಂತ್ರ ಓಡಿಸಿದರೆ ಪಿಸ್ಟನ್ ಸೀಲಿಗೆ ಸಲ್ಲದ ಭಾರ ಬೀಳುತ್ತದೆ. ಮೊದಲು ಎಣ್ಣೆ ಪೂರ್ತಿ ಕರಗಲಿ, ಆಮೇಲೆ ಸ್ವಿಚ್ ಹಾಕಿ. ಹಾಗೆಯೇ ಬಿಸಿಯಾದರೆ ಎಣ್ಣೆ ಹಿಗ್ಗುತ್ತದೆ. 10 ಡಿಗ್ರಿ ವ್ಯತ್ಯಾಸಕ್ಕೆ ಲೀಟರಿನಲ್ಲಿ ಸುಮಾರು 7 ಮಿ.ಲೀ. ಬದಲಾವಣೆ. ಬಿಸಿ ಎಣ್ಣೆ ತುಂಬಿದ ಬಾಟಲಿ ಮರುದಿನ ತಣ್ಣಗಾದಾಗ ಮಟ್ಟ ಇಳಿಯುವುದು ಇದಕ್ಕೇ. ಆಗ ಸೀಲ್ ಬದಲಾಯಿಸಿ ಪ್ರಯೋಜನವಿಲ್ಲ. ದಿನವೂ ಒಂದೇ ಬಿಸಿಯಲ್ಲಿ ತುಂಬುವುದೇ ಮದ್ದು. ಬೆಳಗ್ಗೆ ಮೊದಲ ಹತ್ತು ಬಾಟಲಿಯನ್ನು ಮುದ್ರೆ ಹಾಕಿಸಿದ ತಕ್ಕಡಿಯಲ್ಲಿ ತೂಗಿ ಬರೆದಿಟ್ಟರೆ ಯಂತ್ರ ಯಾವ ಕಡೆ ವಾಲುತ್ತಿದೆ ಅಂತ ಒಂದೆರಡು ವಾರದಲ್ಲೇ ಗೊತ್ತಾಗುತ್ತದೆ.

'ಅದೇ ಕಪ್ಪು ರಿಂಗ್ ಕೊಡಿ'

ಬಿಡಿಭಾಗ ತರುವಾಗ ಹೆಚ್ಚಿನವರು ಎಡವುವುದು ಇಲ್ಲಿ. ಹರಿದ ರಿಂಗನ್ನು ಕಾಗದದಲ್ಲಿ ಸುತ್ತಿಕೊಂಡು ಅಂಗಡಿಗೆ ಹೋಗಿ 'ಇಂಥದ್ದೇ ಒಂದು ಕಪ್ಪು ರಿಂಗ್ ಕೊಡಿ' ಎನ್ನುವುದು. ಅಂಗಡಿಯವರು ಅಳತೆ ನೋಡಿ ಕೊಡುತ್ತಾರೆ. ಸರಿಯಾಗಿಯೇ ಕೂರುತ್ತದೆ. ಕೆಲವು ದಿನ ಕಳೆದ ಮೇಲೆ ಉಬ್ಬಿ ಪಿಸ್ಟನ್ ಬಿಗಿಯುತ್ತದೆ.

ಕಾರಣ ರಬ್ಬರಿನ ಜಾತಿ. ಕಪ್ಪಗಿದ್ದದ್ದೆಲ್ಲ ಒಂದೇ ಅಲ್ಲ ಮಾರಾಯ್ರೆ. ನೈಟ್ರೈಲ್ ರಬ್ಬರ್ ಎಣ್ಣೆಗೆ ತಡೆಯುತ್ತದೆ. ಇ.ಪಿ.ಡಿ.ಎಂ. ಎನ್ನುವ ರಬ್ಬರ್ ನೋಡಲಿಕ್ಕೆ ಅದರ ಹಾಗೆಯೇ ಇದ್ದರೂ ಎಣ್ಣೆ ಕುಡಿದು ಉಬ್ಬುತ್ತದೆ. ಆದರೆ ಬಿಸಿನೀರು, ಕಾಸ್ಟಿಕ್ ತೊಳೆತಕ್ಕೆ ಅದೇ ಒಳ್ಳೆಯದು. ಎಣ್ಣೆಯೇ ಇಲ್ಲದ ಪುನರ್ಪುಳಿ ಸಿರಪ್ ಯಂತ್ರಕ್ಕೂ ಆಗುತ್ತದೆ. ವಿಟಾನ್ ಎಣ್ಣೆಗೂ ಬಿಸಿಗೂ ತಡೆಯುತ್ತದೆ, ಬೆಲೆ ಜಾಸ್ತಿ. ಬಿಳಿಯ ಸಿಲಿಕೋನ್ ಆಹಾರಕ್ಕೆ ಆಗುತ್ತದೆ, ಆದರೆ ಉಜ್ಜಾಡುವ ಜಾಗದಲ್ಲಿ ಬೇಗ ಹರಿಯುತ್ತದೆ. ಟೆಫ್ಲಾನ್‌ಗೆ ಎಣ್ಣೆ, ಹುಳಿ ಎರಡೂ ತಾಗುವುದಿಲ್ಲ, ಆದರೆ ರಬ್ಬರಿನ ಹಾಗೆ ಬಾಗುವುದೂ ಇಲ್ಲ. ತಿನ್ನುವ, ಕುಡಿಯುವ ವಸ್ತುವಿಗೆ ಯಾವ ರಿಂಗೇ ಆಗಲಿ, ಫುಡ್ ಗ್ರೇಡ್ ಎಂದು ಕೇಳಿಯೇ ತೆಗೆದುಕೊಳ್ಳಬೇಕು. ಗ್ರೀಸ್ ಕೂಡ ಹಾಗೆಯೇ. ಬೈಕಿಗೆ ಹಾಕುವ ಗ್ರೀಸನ್ನು ಇಲ್ಲಿ ಹಚ್ಚುವಂತಿಲ್ಲ.

ಸಂಶಯವಿದ್ದರೆ ಒಂದು ಉಪಾಯ ಉಂಟು. ತಂದ ರಿಂಗ್‌ಗಳಲ್ಲಿ ಒಂದನ್ನು ನಿಮ್ಮದೇ ಎಣ್ಣೆಯಲ್ಲಿ ವಾರ ಮುಳುಗಿಸಿಟ್ಟು, ಮುಳುಗಿಸದ ಇನ್ನೊಂದರ ಜತೆ ಅಳೆದು ನೋಡಿ. ಉಬ್ಬಿದ್ದರೆ ಯಂತ್ರಕ್ಕೆ ಹಾಕಬೇಡಿ.

ಉಕ್ಕಿಗೂ ಜಾತಿ ಉಂಟು. ಸ್ಟೀಲಿನಲ್ಲಿ 304, 316 ಎಂದು ಎರಡು ಸಂಖ್ಯೆ ಸಾಮಾನ್ಯ. ಹುಳಿ, ಉಪ್ಪು ಸೇರಿದ ದ್ರವಕ್ಕೆ 316 ಹೆಚ್ಚು ತಡೆಯುತ್ತದೆ. ಎರಡನ್ನೂ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿಟ್ಟರೆ ಸಣ್ಣ ಸಣ್ಣ ತೂತು ಬೀಳುತ್ತದೆ.

ಎಲ್ಲವೂ ಕಂಪನಿಯದ್ದೇ ಅಲ್ಲ

ಯಂತ್ರ ಮಾಡಿದ ಕಂಪನಿ ಅಹಮದಾಬಾದಿನದ್ದೋ ಕೊಯಮತ್ತೂರಿನದ್ದೋ ಇರಬಹುದು. ಹಾಗಂತ ಅದರೊಳಗಿನ ಎಲ್ಲಾ ಭಾಗವನ್ನೂ ಅಲ್ಲಿಂದಲೇ ತರಿಸಬೇಕಾಗಿಲ್ಲ. ಭಾಗಗಳನ್ನು ಮೂರು ಪಾಲು ಮಾಡಿ.

ಮೊದಲನೆಯದು ಎಲ್ಲೆಡೆ ಒಂದೇ ಅಳತೆಯಲ್ಲಿ ಸಿಗುವಂಥದ್ದು. ಬೇರಿಂಗ್ ಇದಕ್ಕೆ ಒಳ್ಳೆಯ ಉದಾಹರಣೆ. ಮೇಲೆ 6204 ಎಂದು ಬರೆದಿದ್ದರೆ ಒಳ ವ್ಯಾಸ 20 ಮಿ.ಮೀ., ಹೊರ ವ್ಯಾಸ 47, ಅಗಲ 14. ಯಾರು ಮಾಡಿದರೂ ಇಷ್ಟೇ. ಕಾಸರಗೋಡು ಪೇಟೆಯಲ್ಲಿ ಸಿಗದಿದ್ದರೆ ಮಂಗಳೂರಿನಲ್ಲಿ ಸಿಗುತ್ತದೆ. ಓ-ರಿಂಗ್, ಗಾಳಿಯ ಪೈಪ್, ಬೆಲ್ಟ್ ಕೂಡ ಇದೇ ಪಾಲು.

ಎರಡನೆಯದು ಡೀಲರ್ ಹತ್ತಿರ ಕೇಳಬೇಕಾದ್ದು: ಸೊಲೆನಾಯ್ಡ್ ಕವಾಟ, ಗಾಳಿಯ ಸಿಲಿಂಡರ್, ಸೆನ್ಸರ್. ಇಲ್ಲಿ ಬ್ರ್ಯಾಂಡಿನ ಹೆಸರು ಮಾತ್ರ ಹೇಳಿದರೆ ಸಾಲದು. ಕವಾಟಕ್ಕೆ ಪೋರ್ಟಿನ ಅಳತೆ ಮತ್ತು ವೋಲ್ಟೇಜ್ ಬೇಕು. 24 ವೋಲ್ಟಿನ ಕಾಯಿಲ್‌ಗೆ 230 ಕೊಟ್ಟರೆ ಆ ಕ್ಷಣವೇ ಸುಟ್ಟು ಹೋಯ್ತು. ಸಿಲಿಂಡರಿಗೆ ಒಳವ್ಯಾಸ ಮತ್ತು ಓಟದ ಉದ್ದ ಬೇಕು. ಸೆನ್ಸರಿಗೆ ಪಿ.ಎನ್.ಪಿ.ಯೋ ಎನ್.ಪಿ.ಎನ್. ಮಾದರಿಯೋ ಹೇಳಬೇಕು.

ಮೂರನೆಯದು ಯಂತ್ರ ಮಾಡಿದವರ ಹತ್ತಿರ ಮಾತ್ರ ಸಿಗುವಂಥದ್ದು: ನಳಿಕೆ, ಪಿಸ್ಟನ್ ಓಡುವ ಕೊಳವೆ, ಬಾಟಲಿ ಹಿಡಿಯುವ ಚಕ್ರ. ಇವು ಬೇಗ ಕೆಡುವುದಿಲ್ಲ. ಆದರೆ ಕೆಟ್ಟರೆ ಬರಲು ದಿನ ಹಿಡಿಯುತ್ತದೆ. ವಿದೇಶದ ಯಂತ್ರ ಆದರೆ ವಾರಗಟ್ಟಲೆ. ಆರ್ಡರ್ ಕೊಡುವಾಗ ಯಂತ್ರದ ತಗಡಿನ ಮೇಲಿರುವ ಮಾದರಿ ಸಂಖ್ಯೆ, ಸೀರಿಯಲ್ ಸಂಖ್ಯೆ, ತಯಾರಾದ ವರ್ಷ ಮೂರನ್ನೂ ಕೊಡಬೇಕು. ಒಂದೇ ಮಾದರಿಯಲ್ಲೂ ಕಂಪನಿಗಳು ನಡುವೆ ಅಳತೆ ಬದಲಾಯಿಸುವುದುಂಟು.

ಗಡಿ ದಾಟಿ ಬರುವ ಪಾರ್ಸೆಲ್

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ಬೈಕಂಪಾಡಿ ಕೈಗಾರಿಕಾ ಪ್ರದೇಶ ಅಲ್ಲಿಂದ ಸ್ವಲ್ಪ ಮುಂದೆ. ಬಿಡಿಭಾಗಕ್ಕೆ ನಮಗೆ ಅದೇ ಹತ್ತಿರ. 2017ರ ಜುಲೈ 1ರಂದು ಜಿ.ಎಸ್.ಟಿ. ಬರುವವರೆಗೆ ಮಂಜೇಶ್ವರದ ತೆರಿಗೆ ಚೆಕ್‌ಪೋಸ್ಟ್‌ ದಾಟುವುದೇ ಒಂದು ಕೆಲಸವಾಗಿತ್ತು. ಈಗ ಆ ತಾಪತ್ರಯ ಇಲ್ಲ. ಆದರೆ ಬಿಲ್ಲಿನಲ್ಲಿ ನಿಮ್ಮ ಘಟಕದ ಜಿ.ಎಸ್.ಟಿ. ಸಂಖ್ಯೆ ಬರೆಸಿಕೊಳ್ಳದಿದ್ದರೆ ಕೊಟ್ಟ ತೆರಿಗೆಯನ್ನು ಲೆಕ್ಕಕ್ಕೆ ಹಿಡಿಯಲು ಆಗುವುದಿಲ್ಲ. ಕಾಂಪೊಸಿಷನ್ ಯೋಜನೆಯಲ್ಲಿ ಇರುವವರಿಗೆ ಈ ಅನುಕೂಲ ಇಲ್ಲ.

2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದ್ದು, ಒಳರಸ್ತೆಗಳಿಗೆ ಮಣ್ಣು ಸುರಿದದ್ದು ಯಾರಿಗೂ ಮರೆತಿಲ್ಲ. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದವರ ಸಂಕಟದ ಮುಂದೆ ಯಂತ್ರದ ಮಾತು ಸಣ್ಣದು. ಆದರೂ 50 ಕಿ.ಮೀ. ಹತ್ತಿರ ಎನ್ನುವುದು ಯಾವತ್ತೂ ಹಾಗೆಯೇ ಇರುತ್ತದೆ ಅಂತ ಹೇಳುವಂತಿಲ್ಲ ಎಂಬುದು ಆಗ ಗೊತ್ತಾಯ್ತು. ಬೇಗ ಸವೆಯುವ ಭಾಗದ ಒಂದು ಸೆಟ್ ಕೈಯಲ್ಲೇ ಇರಬೇಕು. ಒಂದು ತೆಗೆದ ದಿನವೇ ಇನ್ನೊಂದಕ್ಕೆ ಆರ್ಡರ್ ಹೋಗಬೇಕು. ಹಾಗಂತ ಹತ್ತು ವರ್ಷಕ್ಕೆ ಆಗುವಷ್ಟು ರಬ್ಬರ್ ತುಂಬಿಡುವುದೂ ದಂಡ. ಅದು ಇಟ್ಟಲ್ಲೇ ಗಟ್ಟಿಯಾಗಿ ಬಿರಿಯುತ್ತದೆ. ಮೊಳೆಗೆ ತೂಗು ಹಾಕದೆ, ಬಿಸಿಲು ತಾಗದ ತಣ್ಣನೆ ಜಾಗದಲ್ಲಿ ಕವರಿನೊಳಗೆ, ತಾರೀಕು ಬರೆದು ಇಡಿ.

ಜಾತಕ ಯಾರ ತಲೆಯಲ್ಲಿದೆ?

ಹೆಚ್ಚಿನ ಘಟಕಗಳಲ್ಲಿ ಇದೆಲ್ಲ ಗೊತ್ತಿರುವುದು ಒಬ್ಬನಿಗೆ ಮಾತ್ರ. ಅವನು ಗಲ್ಫಿಗೆ ಹೊರಟರೆ ಯಂತ್ರದ ಜಾತಕವೂ ಅವನ ಜತೆ ವಿಮಾನ ಹತ್ತಿತು. ಉಳಿದವರ ಕೈಯಲ್ಲಿರುವುದು ಇಂಗ್ಲಿಷಿನ ಕೈಪಿಡಿ. ರಿಪೇರಿಗೆ ಬರುವವರು ತಮಿಳು ಇಲ್ಲವೇ ಹಿಂದಿ ಮಾತಾಡುತ್ತಾರೆ. ಯಂತ್ರ ಓಡಿಸುವವರ ಮನೆಮಾತು ಕನ್ನಡ, ತುಳು, ಮಲಯಾಳ, ಕೊಂಕಣಿ. ನಡುವೆ ಒಂದು ಸಂಖ್ಯೆ ತಪ್ಪಿದರೂ ಬೇರೆ ಭಾಗ ಬಂದು ಬೀಳುತ್ತದೆ.

ಇದಕ್ಕೆ ದೊಡ್ಡ ಖರ್ಚಿಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ನಿಮ್ಮಲ್ಲಿ ಕರೆಯುವ ಹೆಸರಿನಲ್ಲೇ ಬರೆಯಿರಿ. 'ಕೆಳಗಿನ ದಪ್ಪ ರಿಂಗ್' ಅಂತ ಬರೆದರೂ ಅಡ್ಡಿಯಿಲ್ಲ, ಅದರ ಎದುರು ಅಳತೆ ಮತ್ತು ಸಂಖ್ಯೆ ಸರಿ ಇರಬೇಕು. ಯಂತ್ರ ಸರಿಯಾಗಿ ಓಡುತ್ತಿರುವಾಗಲೇ, ಕೆಲಸ ಕಡಿಮೆ ಇರುವ ಒಂದು ದಿನ ಬಿಚ್ಚಿ ಅಳೆದು ಬರೆದರೆ ಮುಂದೆ ಯಾರೇ ಬಂದರೂ ಫೋನಿನಲ್ಲೇ ಆರ್ಡರ್ ಕೊಡಬಹುದು.

ನೋಟ್‌ಬುಕ್‌ನಲ್ಲಿ ಇಷ್ಟು ಇರಲಿ

* ಯಂತ್ರದ ಮಾದರಿ, ಸೀರಿಯಲ್ ಸಂಖ್ಯೆ, ವರ್ಷ. ತಗಡು ಮಾಸುವ ಮೊದಲೇ ಒಂದು ಫೋಟೋ.

* ಪ್ರತಿ ಓ-ರಿಂಗ್‌ನ ಒಳವ್ಯಾಸ, ದಪ್ಪ, ರಬ್ಬರಿನ ಜಾತಿ. ಸವೆದ ರಿಂಗನ್ನು ಅಳೆದರೆ ಲೆಕ್ಕ ತಪ್ಪುತ್ತದೆ, ಅದು ಕೂರುವ ಗಾಡಿಯನ್ನೂ ಅಳೆಯಿರಿ.

* ಬೇರಿಂಗ್, ಬೆಲ್ಟ್ ಮೇಲಿನ ಪೂರ್ತಿ ಸಂಖ್ಯೆ, ಕೊನೆಯ ಅಕ್ಷರಗಳ ಸಮೇತ.

* ಕವಾಟದ ವೋಲ್ಟೇಜ್ ಮತ್ತು ಪೋರ್ಟ್, ಸಿಲಿಂಡರಿನ ಒಳವ್ಯಾಸ ಮತ್ತು ಓಟ, ಸೆನ್ಸರಿನ ಮಾದರಿ.

* ಯಾವ ಭಾಗ ಯಾವ ದಿನ ಬದಲಾಯಿಸಿದ್ದು, ಎಲ್ಲಿಂದ ತಂದದ್ದು, ಎಷ್ಟು ಬೆಲೆ, ಬರಲು ಎಷ್ಟು ದಿನ ಹಿಡಿಯಿತು.

* ಓಣಂ, ವಿಷುವಿಗೆ ಒಂದು ತಿಂಗಳ ಮೊದಲು ಒಮ್ಮೆ ಪೂರ್ತಿ ತಪಾಸಣೆ. ಬೇಕಾದ್ದು ತರಿಸಲು ಆಗ ಸಮಯ ಸಿಗುತ್ತದೆ.