ಸಿಸ್ಟಂ ಅನಾಲಿಸಿಸ್ ಎಂದರೆ ಬರೀ ಡಯಾಗ್ರಾಮ್ ಬಿಡಿಸುವುದೇ?

ಬಿಸಿಎ, ಬಿಬಿಎ ಓದುವ ಅನೇಕರು ಸಿಸ್ಟಂ ಅನಾಲಿಸಿಸ್ ಪುಸ್ತಕ ತೆರೆಯುವುದು ಪರೀಕ್ಷೆ ಹತ್ತಿರ ಬಂದಾಗಲೇ. ಚಿಹ್ನೆಗಳನ್ನು ಬಾಯಿಪಾಠ ಮಾಡಿ ಪಾಸಾಗಬಹುದು, ನಿಜ. ಆದರೆ ನಾಳೆ ಒಂದು ಅಂಗಡಿಯ ಸ್ಟಾಕ್ ಲೆಕ್ಕಕ್ಕೋ ನರ್ಸಿಂಗ್ ಹೋಮಿನ ಬಿಲ್ಲಿಂಗಿಗೋ ಸಾಫ್ಟ್‌ವೇರ್ ಮಾಡಲು ಕೂತಾಗ, ಕಲಿಯದೇ ಬಿಟ್ಟ ಈ ಭಾಗವೇ ಕಾಡುತ್ತದೆ.

ತಪ್ಪು ಕಲ್ಪನೆ: ಕೋಡಿಂಗ್ ಬಾರದವರಿಗೆ ಇದು ದಕ್ಕದು.

ಸತ್ಯ: ಈ ಕೆಲಸ ಕಂಪ್ಯೂಟರಿಗಿಂತ ಹಳೆಯದು. ಚಹಾ, ಕೇಕು, ಟೀ ಅಂಗಡಿಗಳ ದೊಡ್ಡ ವ್ಯಾಪಾರ ನಡೆಸುತ್ತಿದ್ದ ಲಂಡನ್ನಿನ ಜೆ. ಲಯನ್ಸ್ ಕಂಪನಿ, ತನ್ನ ಕಚೇರಿ ಕೆಲಸ ಹೇಗೆ ನಡೆಯುತ್ತಿದೆ, ಹೇಗೆ ಸರಳ ಮಾಡಬಹುದು ಎಂದು ನೋಡಲು 1930ರ ದಶಕದಲ್ಲೇ ಸಿಸ್ಟಮ್ಸ್ ರಿಸರ್ಚ್ ವಿಭಾಗ ಇಟ್ಟುಕೊಂಡಿತ್ತು. 1951ರಲ್ಲಿ ಅದೇ ಕಂಪನಿ ತಾನೇ ಕಟ್ಟಿದ ಲಿಯೋ ಕಂಪ್ಯೂಟರಿನಿಂದ ಬೇಕರಿಯ ಲೆಕ್ಕ ಹಾಕಿಸಿತು. ವ್ಯವಹಾರದ ನಿತ್ಯದ ಕೆಲಸಕ್ಕೆ ಬಳಕೆಯಾದ ಮೊದಲ ಕಂಪ್ಯೂಟರ್ ಅದು. ಅದರ ಕೆಲಸಗಳನ್ನು ರೂಪಿಸಿದ ಡೇವಿಡ್ ಕ್ಯಾಮಿನರ್ ಕಂಪನಿಗೆ ಮ್ಯಾನೇಜ್‌ಮೆಂಟ್ ಟ್ರೈನಿಯಾಗಿ ಸೇರಿದವರು. ಕಾಮರ್ಸ್ ಓದಿದವರು ಹಿಂಜರಿಯಲೇಬೇಡಿ. ಮಾರಿದ ಸರಕು ವಾಪಸು ಬಂದರೆ ಯಾವ್ಯಾವ ಲೆಕ್ಕ ಬದಲಾಗುತ್ತದೆ ಎಂಬುದು ನಿಮಗೆ ಮೊದಲೇ ಗೊತ್ತಿದೆ.

ತಪ್ಪು ಕಲ್ಪನೆ: ಚೌಕ, ವಜ್ರಾಕೃತಿ, ಬಾಣದ ಗುರುತು ಗೊತ್ತಿದ್ದರೆ ಮಾಡೆಲಿಂಗ್ ಬಂದಂತೆ.

ಸತ್ಯ: ಪೀಟರ್ ಚೆನ್ 1976ರಲ್ಲಿ ಮಂಡಿಸಿದ ಎಂಟಿಟಿ-ರಿಲೇಶನ್‌ಶಿಪ್ ಮಾದರಿಯ ಚಿಹ್ನೆಗಳನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಕಷ್ಟ ಶುರುವಾಗುವುದು ಆಮೇಲೆ. ನಮ್ಮ ಪಹಣಿಯನ್ನೇ ತೆಗೆದುಕೊಳ್ಳಿ. ಸರ್ವೆ ನಂಬರ್ ಒಂದು ಎಂಟಿಟಿ, ಖಾತೆದಾರ ಇನ್ನೊಂದು. ಒಬ್ಬ ರೈತನಿಗೆ ನಾಲ್ಕು ಸರ್ವೆ ನಂಬರಿನಲ್ಲಿ ಜಮೀನಿರಬಹುದು. ಒಂದೇ ನಂಬರಿನಲ್ಲಿ ಮೂವರು ಅಣ್ಣತಮ್ಮಂದಿರ ಹೆಸರಿರಬಹುದು. ಹಾಗಾದರೆ ನಡುವಿನವನ ಪಾಲಿನ ‘1 ಎಕರೆ 10 ಗುಂಟೆ’ಯನ್ನು ಬರೆಯುವುದು ಎಲ್ಲಿ? ಖಾತೆದಾರನ ಟೇಬಲ್ಲಿನಲ್ಲಿ ಬರೆದರೆ, ಬೇರೆ ನಂಬರುಗಳಲ್ಲಿ ಅವನಿಗಿರಬಹುದಾದ ಜಮೀನಿಗೆ ಜಾಗವಿಲ್ಲ. ಸರ್ವೆ ನಂಬರಿನ ಟೇಬಲ್ಲಿನಲ್ಲಿ ಬರೆದರೆ ಅದು ಯಾರ ಪಾಲು ಎಂದೇ ತಿಳಿಯದು. ಆ ವಿಸ್ತೀರ್ಣ ಸೇರುವುದು ಇಂಥ ಖಾತೆದಾರ, ಇಂಥ ನಂಬರು ಎಂಬ ಜೋಡಿಗೆ. ಅದಕ್ಕೊಂದು ಪ್ರತ್ಯೇಕ ಟೇಬಲ್ಲೇ ಬೇಕು. ತಂದೆ ತೀರಿಕೊಂಡು ಪೌತಿ ಖಾತೆಯಾದಾಗ ಹಳೆಯ ಹೆಸರನ್ನು ಅಳಿಸುವುದೋ, ದಿನಾಂಕ ಹಾಕಿ ಉಳಿಸಿಕೊಳ್ಳುವುದೋ? ಇಂಥ ಪ್ರಶ್ನೆ ತಾನಾಗಿ ಹೊಳೆಯುವ ವಿದ್ಯಾರ್ಥಿಗೆ ಮಾಡೆಲಿಂಗ್ ಬಂದಿದೆ ಎಂದೇ ನನ್ನ ಲೆಕ್ಕ, ಚಿತ್ರ ಸೊಟ್ಟಗಿದ್ದರೂ ಸರಿ.

ಡೇಟಾ ಫ್ಲೋ ಡಯಾಗ್ರಾಮನ್ನು ಫ್ಲೋಚಾರ್ಟ್ ಎಂದುಕೊಳ್ಳುವವರೂ ಇದ್ದಾರೆ. ಮಾಹಿತಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದಷ್ಟೇ ಅದರ ವಿಷಯ. ‘ಹೌದು, ಇಲ್ಲ’ ಎಂಬ ಕವಲುಗಳಿಗೆ ಅಲ್ಲಿ ಜಾಗವಿಲ್ಲ.

ತಪ್ಪು ಕಲ್ಪನೆ: ವಿಶ್ಲೇಷಣೆ ಪೂರ್ತಿ ಮುಗಿಸಿ ಬೀಗ ಹಾಕಿ, ನಂತರ ವಿನ್ಯಾಸ, ನಂತರ ಕೋಡ್. ವಾಟರ್‌ಫಾಲ್ ಪದ್ಧತಿ ಕೊಟ್ಟ ವಿನ್‌ಸ್ಟನ್ ರಾಯ್ಸ್ ಹೇಳಿದ್ದು ಇದನ್ನೇ.

ಸತ್ಯ: ರಾಯ್ಸ್ 1970ರ ತಮ್ಮ ಲೇಖನದಲ್ಲಿ ಆ ಮೆಟ್ಟಿಲು ಮೆಟ್ಟಿಲಿನ ಚಿತ್ರ ಬರೆದದ್ದು ಹೌದು. ಆದರೆ ಅದನ್ನು ಹಾಗೇ ಪಾಲಿಸುವುದು ಅಪಾಯ ಎಂದು ಅಲ್ಲೇ ಎಚ್ಚರಿಸಿದರು. ಟೆಸ್ಟಿಂಗ್ ಕೊನೆಗೆ ಬರುವುದರಿಂದ ಮೂಲದ ತಪ್ಪು ಆಗಷ್ಟೇ ಹೊರಬೀಳುತ್ತದೆ. ಹೊಸ ಕೆಲಸವಾದರೆ ಎರಡು ಸಲ ಮಾಡಿ, ಗ್ರಾಹಕರನ್ನು ನಡುನಡುವೆ ಸೇರಿಸಿಕೊಳ್ಳಿ ಎಂಬುದು ಅವರ ಸಲಹೆ. ಚಿತ್ರ ಮಾತ್ರ ಪಠ್ಯಪುಸ್ತಕಗಳಿಗೆ ಹೋಯಿತು, ಎಚ್ಚರಿಕೆ ಅಲ್ಲೇ ಉಳಿಯಿತು ಎಂಬುದು ಬೇಸರದ ಸಂಗತಿ.

ತಪ್ಪು ಕಲ್ಪನೆ: ಬಳಸುವವರನ್ನು ಕೇಳಿ, ಹೇಳಿದ್ದನ್ನು ಪಟ್ಟಿ ಮಾಡಿದರೆ ಸಾಕು.

ಸತ್ಯ: ಕೇಳಲೇಬೇಕು, ಆದರೆ ಯಾರನ್ನು? ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆಯಲ್ಲಿ, ಮ್ಯುಟೇಶನ್ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ಸಾಫ್ಟ್‌ವೇರಿನಲ್ಲೇ ಕೂರಿಸಿದರು. ಬೇಕಾದವರ ಫೈಲನ್ನು ಮೇಲಕ್ಕೆ ಎತ್ತಿಡುವ ದಾರಿ ಅಲ್ಲಿಗೆ ಕಿರಿದಾಯಿತು. ಇಂಥ ನಿಯಮ ಹೊಳೆಯಬೇಕಾದರೆ ಕೌಂಟರಿನ ಒಳಗಿರುವವರ ಜೊತೆಗೆ, ಅರ್ಜಿ ಕೊಟ್ಟು ಹೊರಗೆ ಕಾಯುವ ರೈತನನ್ನೂ ವಿಚಾರಿಸಿರಬೇಕು.